ಪದವರಿದ ಕವಿ ಮುದ್ದಣ

ಮುದ್ದಣನೆಂಬ ಕಾವ್ಯನಾಮದಿಂದ ಕನ್ನಡ ನಾಡಿನಲ್ಲಿ ಚಿರಪರಿಚಿತರಾದ ಲಕ್ಷ್ಮೀನಾರಣಪ್ಪನವರು 1870ರ ಜನವರಿ 24ರಂದು ಕಾರ್ಕಳದ ಸಮೀಪದ ನಂದಳಿಕೆಯಲ್ಲಿ ಜನಿಸಿದರು. ತಂದೆ ಪಾಠಾಳಿ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಿ. ಬಡತನದ ನಿಮಿತ್ತ ಉನ್ನತ ವ್ಯಾಸಂಗವು ಕೈಗೂಡಲಿಲ್ಲ. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿ ಉದರಪೋಷಣೆಯ ಮಾರ್ಗವನ್ನು ಕಂಡುಕೊಂಡರು. ಅನಂತರ ಕನ್ನಡ ಪಂಡಿತರಾದರು. ಶಾಲೆಯ ಅಂಗಳದಲ್ಲಿ ಬಾಲಕರಿಗೆ ಅಂಗಸಾಧನೆ ಮಾಡಿಸುತ್ತಿದ್ದ ಈ ತರುಣರು ಬಿಡುವಿನ ವೇಳೆಯನ್ನೆಲ್ಲ ಹಳಗನ್ನಡ ಕಾವ್ಯಗಳ ಪರಿಶೀಲನೆಗೆ ಮುಡಿಪಾಗಿಟ್ಟರು. ‘ರತ್ನಾವತೀ ಕಲ್ಯಾಣ’, ‘ಕುಮಾರವಿಜಯ’ ಎಂಬ ಯಕ್ಷಗಾನ ಪ್ರಸಂಗಗಳನ್ನೂ ರಚಿಸಿದರು.

ಮೈಸೂರಿನಲ್ಲಿ ಪ್ರಾಚೀನ ಕೃತಿಗಳನ್ನು ಅಚ್ಚು ಹಾಕಿಸುತ್ತಿದ್ದ ವಿದ್ವಾಂಸರಿಗೆ ಅವರು ತಮ್ಮ ‘ಅದ್ಭುತ ರಾಮಾಯಣ’ವನ್ನು ಹಳೆಯ ಕವಿಯೊಬ್ಬನ ರಚನೆಯೆಂಬಂತೆ ಕಳುಹಿಸಿದರು. ಪಂಡಿತರು ಸಂಶಯಿಸಲಿಲ್ಲ. ‘ಶ್ರೀರಾಮ ಪಟ್ಟಾಭಿಷೇಕ’, ‘ರಾಮಾಶ್ವಮೇಧ’ಗಳೂ ಹಾಗೆಯೇ ಬೆಳಕು ಕಂಡವು. ಶಬ್ದಗಳ ಆಯ್ಕೆಯಲ್ಲಿ ಅವರಿಗಿದ್ದ ಹಿಡಿತವೇ ಈ ನಂಬಿಕೆಗೆ ಆಧಾರವಾಯಿತು.

‘ರಾಮಾಶ್ವಮೇಧ’ದಲ್ಲಿ ಆ ಹಿಡಿತವು ಕಥೆಯ ಧ್ವನಿಯನ್ನೇ ರೂಪಿಸಿದೆ. ಮಳೆಗಾಲದ ಸಂಜೆ ಅರಮನೆಯಿಂದ ಮನೆಗೆ ಬಂದ ಕವಿ ಮುದ್ದಣನನ್ನು ಮಡದಿ ಮನೋರಮೆಯು ಕಥೆ ಹೇಳೆಂದು ಬೇಡುತ್ತಾಳೆ. ಪದ್ಯವನ್ನು ಬಿಟ್ಟು ಗದ್ಯದಲ್ಲಿ ಹೇಳಬೇಕೆಂಬುದು ಅವಳ ಹಟ. ಕವಿಯು ದೀರ್ಘ ಸಂಸ್ಕೃತ ಸಮಾಸಗಳಿಂದ ಆರಂಭಿಸಿದೊಡನೆ ಅವಳು ತಡೆದು, ತಿಳಿಯುವ ಕನ್ನಡವನ್ನು ಕೇಳುತ್ತಾಳೆ. ಕಡೆಗೆ ಎರಡನ್ನೂ ಹದವರಿತು ಬೆರೆಸಲು ಅವನು ಒಪ್ಪುತ್ತಾನೆ. ಶಬ್ದವು ಕೇಳುವವರ ಹೃದಯಕ್ಕೆ ತಕ್ಕುದಾಗಿರಬೇಕೆಂಬ ಲಕ್ಷಣವು ಇಲ್ಲಿ ಶಾಸ್ತ್ರವಾಗದೆ ದಂಪತಿಗಳ ಸರಸವಾಗಿದೆ. ಅಶ್ವಮೇಧದ ಕಥನದಲ್ಲಿ ಭಾಷೆಯು ಗಂಭೀರವಾಗಿ ಸಾಗುತ್ತದೆ. ಮನೋರಮೆಯು ನಡುವೆ ಬಾಯಿ ಹಾಕಿದೊಡನೆ ಮಾತು ಚಿಕ್ಕದಾಗುತ್ತದೆ, ಅಚ್ಚಗನ್ನಡದ ನುಡಿಗಳು ಕೊಂಕಿನಿಂದ ಮಿಂಚುತ್ತವೆ. ವ್ಯಾಕರಣವು ಹಳೆಯದೇ, ಆದರೆ ದನಿಯು ಮನೆಯ ಜಗಲಿಯದು. ಪಾಂಡಿತ್ಯದ ಪದಗಳೇ ತುಂಬಿದ್ದರೆ ಮನೋರಮೆಗೆ ಜೀವ ಬರುತ್ತಿರಲಿಲ್ಲ. ಬರಿಯ ಹೊಸಗನ್ನಡವಾಗಿದ್ದರೆ ಅರಮನೆಯ ಕವಿಯನ್ನು ಯಾರೂ ನಂಬುತ್ತಿರಲಿಲ್ಲ.

ಆದರೆ ಈ ಸಿದ್ಧಿಗೆ ಅವರು ತೆತ್ತ ಬೆಲೆ ಸಣ್ಣದಲ್ಲ. ಹಳಗನ್ನಡದ ಉಡುಗೆಯು ಕೃತಿಗೆ ಒಪ್ಪಿದಷ್ಟೂ ಕರ್ತೃವು ಮರೆಯಾದರು. ಪತ್ನಿ ಕಮಲಾಬಾಯಿ ಹಾಗೂ ಪುಟ್ಟ ಮಗನೊಡನೆ ಸಂಸಾರ ಸಾಗಿಸುತ್ತಿದ್ದ ಅವರನ್ನು ಕ್ಷಯರೋಗವು ಆವರಿಸಿತು. 1901ರ ಫೆಬ್ರವರಿಯಲ್ಲಿ, ಮೂವತ್ತೊಂದರ ಹರೆಯದಲ್ಲಿಯೇ, ಅವರು ಕಾಲವಶರಾದರು. ಓದುಗರು ಮೆಚ್ಚಿದ ಆ ಮುದ್ದಣನು ಉಡುಪಿಯ ಬಡ ಉಪಾಧ್ಯಾಯರೇ ಎಂಬ ಸಂಗತಿಯು ನಾಡಿಗೆ ಸ್ಪಷ್ಟವಾಗಿ ತಿಳಿದುದು ಅವರು ಕಣ್ಮರೆಯಾದ ಮೇಲೆಯೇ. ತರುವಾಯ ಅವರ ಗದ್ಯವು ಕನ್ನಡ ತರಗತಿಗಳ ಪಾಠವಾಯಿತು; ಮುದ್ದಣ-ಮನೋರಮೆಯರ ಸಲ್ಲಾಪವು ತಲೆಮಾರುಗಳ ವಿದ್ಯಾರ್ಥಿಗಳ ನಾಲಗೆಯ ಮೇಲೆ ನಲಿಯಿತು. ಬದುಕಿರುವಾಗ ಹೆಸರನ್ನು ಬಯಸದ ಗುರುವಿಗೆ ಶಾಲೆಯೇ ಸ್ಮಾರಕವಾಯಿತು.