ನೆರಳನ್ನೂ ನೆಟ್ಟ ತೋಟಗಾರ

ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂವು ಉದುರುವಷ್ಟರಲ್ಲಿ ಮತ್ತೊಂದು ಮರ ಹೂ ತಳೆಯುವುದು ಕೇವಲ ಪ್ರಕೃತಿಯ ಲೀಲೆಯಲ್ಲ. ಅದರ ಹಿಂದೆ ಜರ್ಮನ್ ತೋಟಗಾರರೊಬ್ಬರ ಲೆಕ್ಕಾಚಾರವಿದೆ.

1865ರಲ್ಲಿ ಡ್ರೆಸ್ಡೆನ್ ಸಮೀಪದ ಲೋಮೆನ್‌ನಲ್ಲಿ ಜನಿಸಿದ ಗುಸ್ಟಾವ್ ಹರ್ಮನ್ ಕೃಂಬಿಗಲ್, 1888ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಹೈಡ್ ಪಾರ್ಕ್‌ನಲ್ಲಿ ಹೂಪಾತಿಗಳನ್ನು ರೂಪಿಸಿ, ಕ್ಯೂ ಸಸ್ಯೋದ್ಯಾನದಲ್ಲಿ ಪಳಗಿ, 1893ರಲ್ಲಿ ಬರೋಡೆಯ ಸಯಾಜಿರಾವ್ ಗಾಯಕವಾಡರ ಸೇವೆಗೆ ಬಂದರು. 1908ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮೈಸೂರು ಸಂಸ್ಥಾನವನ್ನು ಸೇರಿ, ಜಾನ್ ಕ್ಯಾಮರಾನ್ ಅವರ ತರುವಾಯ ಲಾಲ್‌ಬಾಗಿನ ಹೊಣೆ ಹೊತ್ತರು. ಬೇರೆ ಬೇರೆ ಋತುಗಳಲ್ಲಿ ಅರಳುವ ಮರಗಳನ್ನು ಆಯ್ದು ಬೀದಿಬೀದಿಗೆ ನೆಡಿಸಿ, ವರ್ಷವಿಡೀ ನಗರದ ಯಾವುದಾದರೊಂದು ಮೂಲೆ ಹೂವಿನಲ್ಲಿರುವಂತೆ ಮಾಡಿದರು.

ಮಹಾಯುದ್ಧ ಬಂದಾಗ, ಜರ್ಮನ್ ಎಂಬ ಒಂದೇ ಕಾರಣಕ್ಕೆ ಬ್ರಿಟಿಷ್ ಆಡಳಿತ ಅವರನ್ನು ಬಂಧನದಲ್ಲಿರಿಸಿತು. ಊರಿಗೆ ನೆರಳು ಹಂಚಿದವರು ಶತ್ರುದೇಶದ ಪ್ರಜೆಯೆನಿಸಿದರು. ಆದರೂ 1932ರಲ್ಲಿ ನಿವೃತ್ತರಾದ ಮೇಲೂ ಅವರು ಈ ನೆಲವನ್ನು ಬಿಡಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲೇ ನಿಧನರಾಗಿ, ಹೊಸೂರು ರಸ್ತೆಯ ಸ್ಮಶಾನದಲ್ಲಿ ಮಣ್ಣಾದರು.

ಮರವೊಂದನ್ನು ನೆಡುವುದೆಂದರೆ ಅದರ ಕೆಳಗಿನ ನೆರಳನ್ನೂ ನೆಟ್ಟಂತೆ. ಗುಲ್‌ಮೊಹರ್, ಜಕರಂಡಗಳಂಥ ಕಿರಿದೆಲೆಯ ಮರಗಳು ಬಿಸಿಲನ್ನು ಪೂರ್ಣವಾಗಿ ತಡೆಯದೆ ಜರಡಿ ಹಿಡಿದು ಕೆಳಗಿಳಿಸುತ್ತವೆ. ಈ ಅರೆನೆರಳನ್ನು ಗುರುತಿಸಿದವರಿಗೆ ಮಾತ್ರ ಅಲ್ಲಿ ತೋಟ ಕಾಣುತ್ತದೆ.

ಕೃಂಬಿಗಲ್ ಅವರ ಕಾಲದಲ್ಲಿ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಕುಂದಾಪುರ ಸೀಮೆಯ ತೆಕ್ಕಟ್ಟೆಗೂ ಈ ವಿವೇಕ ಸಲ್ಲುತ್ತದೆ. ತೆಂಗು, ಮಾವು, ಹಲಸುಗಳ ನಡುವಿನ ಹಿತ್ತಿಲಲ್ಲಿ ಅರೆನೆರಳು ಸಹಜ. ಮನೆಯ ಮೂಡುಬದಿಗೆ ಬೆಳಗಿನ ಎಳೆಬಿಸಿಲು ಸಿಗುತ್ತದೆ, ಅಪರಾಹ್ನದ ಉರಿಬಿಸಿಲು ತಪ್ಪುತ್ತದೆ. ಅಂಚುಪಾತಿಗೆ ಅದೇ ತಕ್ಕ ಜಾಗ. ಬಿಸಿಲು ಹೆಚ್ಚು ಬೀಳುವ ತುದಿಗೆ ಕೇಪುಳ, ನಡುವೆ ಅಬ್ಬಲಿಗೆ, ನೆರಳು ದಟ್ಟವಾಗುವಲ್ಲಿ ಬಣ್ಣದೆಲೆಯ ಕೆಸುವಿನ ಜಾತಿ ಹಾಗೂ ಜರಿಗಿಡಗಳನ್ನಿಟ್ಟರೆ, ಎತ್ತರವೂ ಬಣ್ಣವೂ ಹಂತಹಂತವಾಗಿ ಹೊಂದಿಕೊಳ್ಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಜಡಿಮಳೆಗೆ ಬೇರು ಕೊಳೆಯದಂತೆ ಪಾತಿಯನ್ನು ತುಸು ಎತ್ತರಿಸಿ, ನೀರು ಹರಿದುಹೋಗಲು ದಾರಿ ಬಿಡಬೇಕು. ತರಗೆಲೆಯನ್ನು ಗುಡಿಸಿ ಸುಡದೆ ಬುಡಕ್ಕೆ ಹೊದಿಸಿದರೆ ಅದೇ ಗೊಬ್ಬರ.

ಆದರೆ ನೆರಳೇ ಉಳಿಯದಿದ್ದರೆ ಈ ಮಾತಿಗೆ ಅರ್ಥವಿಲ್ಲ. ತೆಕ್ಕಟ್ಟೆಯ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾದಾಗ, ಕರಾವಳಿಯುದ್ದಕ್ಕೂ ಅದೆಷ್ಟೋ ಸಾಲುಮರಗಳು ಉರುಳಿದವು. ರಸ್ತೆ ಬೇಕು, ನಿಜ. ರಸ್ತೆಯನ್ನು ಕೆಲವೇ ವರ್ಷಗಳಲ್ಲಿ ಅಗಲಿಸಬಹುದು. ನೆರಳಿಗೆ ಒಂದು ತಲೆಮಾರೇ ಬೇಕು. ತಾನು ಕುಳಿತುಕೊಳ್ಳಲಾಗದ ನೆರಳಿಗಾಗಿ ಸಸಿ ನೆಡುವ ಮನಸ್ಸು ಆಡಳಿತಕ್ಕೂ ನಾಗರಿಕರಿಗೂ ಬರಬೇಕು. ಕೃಂಬಿಗಲ್ ಅವರಿಗೆ ಸಲ್ಲಬೇಕಾದ ಗೌರವ ಅದೇ.