ಸೂರ್ಯನಿಗೆ ಮರೆ ಹಿಡಿದ ಎಂಜಿನಿಯರ್: ಬರ್ನಾರ್ ಲಿಯೊ

ಎದುರು ಬಿಸಿಲಲ್ಲಿ ಬರ್ತಿರೋದು ಯಾರು ಅಂತ ನೋಡೋಕೆ ನಾವೆಲ್ಲ ಹಣೆಗೆ ಕೈ ಅಡ್ಡ ಹಿಡಿಯುತ್ತೇವೆ. ಸೂರ್ಯನ ಸುತ್ತ ಹರಡಿರುವ ಕರೋನಾ ನೋಡೋಕೂ ಇಂಥದ್ದೇ ಒಂದು ಮರೆ ಸಾಕಲ್ವಾ ಅನ್ನಿಸಬಹುದು. ಸಾಲದು. ಕರೋನಾದ ಬೆಳಕು ಸೂರ್ಯಬಿಂಬದ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲು ಅಷ್ಟೇ. ಬಿಂಬವನ್ನು ಮುಚ್ಚಿದರೂ ಸುತ್ತಲಿನ ಆಕಾಶದ ಹೊಳಪಿನಲ್ಲಿ ಅದು ಮುಳುಗಿಹೋಗುತ್ತದೆ. ಹಾಗಾಗಿ 1930ರವರೆಗೆ ಕರೋನಾ ಕಾಣಬೇಕು ಅಂದ್ರೆ ಪೂರ್ಣ ಸೂರ್ಯಗ್ರಹಣಕ್ಕೇ ಕಾಯಬೇಕಿತ್ತು. ಅದು ಸಿಗೋದು ಕೆಲವೇ ನಿಮಿಷ, ಅದೂ ಭೂಮಿಯ ಯಾವುದೋ ಮೂಲೆಯಲ್ಲಿ. ಮೋಡ ಕವಿದರೆ ಅದೂ ಇಲ್ಲ.

ಗ್ರಹಣವಿಲ್ಲದ ದಿನವೂ ಕರೋನಾ ತೋರಿಸಿಕೊಟ್ಟವರು ಫ್ರಾನ್ಸಿನ ಬರ್ನಾರ್ ಲಿಯೊ. ಅವರು ಮೊದಲು ಓದಿದ್ದು ಖಗೋಳವಿಜ್ಞಾನ ಅಲ್ಲ, ನಮ್ಮ ಹಾಗೆ ಎಂಜಿನಿಯರಿಂಗ್.

ಲಿಯೊ ಹುಟ್ಟಿದ್ದು 1897ರ ಫೆಬ್ರವರಿ 27ರಂದು, ಪ್ಯಾರಿಸ್‌ನಲ್ಲಿ. ತಂದೆ ಸರ್ಜನ್, ಮಗನಿಗೆ ಏಳು ವರ್ಷವಾಗಿದ್ದಾಗ ತೀರಿಕೊಂಡರು. ಲಿಯೊ ಎಲೆಕ್ಟ್ರಿಕಲ್ ಕಾಲೇಜು ಸುಪೆಲೆಕ್‌ಗೆ ಸೇರಿ 1917ರಲ್ಲಿ ಎಂಜಿನಿಯರ್ ಆಗಿ ಹೊರಬಂದರು. ಆಮೇಲೆ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಆಲ್ಫ್ರೆಡ್ ಪೆರೊ ಅವರ ಕೈಕೆಳಗೆ ಕೆಲಸ. ಫ್ಯಾಬ್ರಿ-ಪೆರೊ ಇಂಟರ್‌ಫೆರೊಮೀಟರ್ ಅಂತ ನಾವು ಫಿಸಿಕ್ಸ್‌ನಲ್ಲಿ ಓದುತ್ತೇವಲ್ಲ, ಅದೇ ಪೆರೊ. 1920ರಲ್ಲಿ ಲಿಯೊ ಮ್ಯೂಡಾನ್ ವೀಕ್ಷಣಾಲಯ ಸೇರಿದರು.

ಅಲ್ಲಿ ಅವರು ಹಿಡಿದ ಮೊದಲ ವಿಷಯ ಧ್ರುವೀಕರಣ, ಅಂದ್ರೆ ಪೋಲರೈಸೇಶನ್. ಚಂದ್ರ ಮತ್ತು ಗ್ರಹಗಳಿಂದ ಬರುವ ಬೆಳಕು ಎಷ್ಟು ಧ್ರುವೀಕೃತವಾಗಿದೆ ಅಂತ ಅಳೆಯೋಕೆ ತುಂಬಾ ಸೂಕ್ಷ್ಮವಾದ ಉಪಕರಣ ಮಾಡಿಕೊಂಡರು. ಚಂದ್ರನ ನೆಲದಿಂದ ಬರುವ ಬೆಳಕು ಜ್ವಾಲಾಮುಖಿಯ ಬೂದಿಯಿಂದ ಬರುವ ಬೆಳಕಿನಂತೆಯೇ ವರ್ತಿಸುತ್ತದೆ ಅಂತ ಭೂಮಿಯಲ್ಲೇ ಕೂತು ಕಂಡುಕೊಂಡರು. ಈ ಕೆಲಸಕ್ಕೇ 1929ರಲ್ಲಿ ಡಾಕ್ಟರೇಟ್.

ಆಮೇಲೆ ಕೈ ಹಾಕಿದ್ದು ಕರೋನಾಕ್ಕೆ. ಅವರಿಗಿಂತ ಮೊದಲು ಪ್ರಯತ್ನಿಸಿದವರು ಸಾಮಾನ್ಯರೇನಲ್ಲ. ಇಂಗ್ಲೆಂಡಿನ ವಿಲಿಯಂ ಹಗಿನ್ಸ್ ಸೋತಿದ್ದರು. ಅಮೆರಿಕದ ಜಾರ್ಜ್ ಎಲರಿ ಹೇಲ್ ಎತ್ತರದ ಬೆಟ್ಟಗಳಿಗೆ ಹೋಗಿ ನೋಡಿ ಅವರೂ ಸೋತಿದ್ದರು. ತೊಂದರೆ ಬರೀ ಗಾಳಿಯದ್ದಲ್ಲ, ದೂರದರ್ಶಕದ್ದೂ ಹೌದು ಅಂತ ಲಿಯೊ ಗುರುತಿಸಿದರು. ಸಿಗ್ನಲ್ ಚಿಕ್ಕದಾಗಿದ್ದಾಗ ಮೊದಲು ನಾಯ್ಸ್ ಎಲ್ಲಿಂದ ಬರ್ತಿದೆ ಅಂತ ಹುಡುಕಬೇಕು ತಾನೆ? ಅವರು ಮಾಡಿದ್ದು ಅದನ್ನೇ, ಒಂದೊಂದಾಗಿ.

ಗಾಜಿನೊಳಗಿನ ಗುಳ್ಳೆ, ಮೇಲಿನ ಗೀರು, ಧೂಳು ಇವೆಲ್ಲ ಬೆಳಕನ್ನು ಚದುರಿಸುತ್ತವೆ. ಅದಕ್ಕೆ ದೋಷವಿಲ್ಲದ ಗಾಜನ್ನು ಆರಿಸಿ, ಒಂದೇ ಒಂದು ಲೆನ್ಸನ್ನು ಅತ್ಯಂತ ನಯವಾಗಿ ಪಾಲಿಶ್ ಮಾಡಿ ಮುಂದೆ ಇಟ್ಟರು. ಆ ಲೆನ್ಸ್ ಸೂರ್ಯನ ಬಿಂಬ ಮೂಡಿಸುವ ಜಾಗದಲ್ಲಿ ಬಿಂಬಕ್ಕಿಂತ ಕೊಂಚ ದೊಡ್ಡ ತಟ್ಟೆ ಇಟ್ಟರು. ಅದೇ ಕೃತಕ ಗ್ರಹಣ. ಇಷ್ಟಾದರೂ ಲೆನ್ಸಿನ ಅಂಚಿನಲ್ಲಿ ಬೆಳಕು ಬಾಗಿ, ಅಂದ್ರೆ ಡಿಫ್ರ್ಯಾಕ್ಷನ್ ಆಗಿ, ಒಳಗೆ ನುಸುಳುತ್ತದೆ. ಅದನ್ನು ತಡೆಯುವುದು ಹೇಗೆ? ತಟ್ಟೆಯ ಹಿಂದೆ ಇನ್ನೊಂದು ಲೆನ್ಸ್ ಇಟ್ಟು, ಮೊದಲ ಲೆನ್ಸಿನದೇ ಬಿಂಬ ಮೂಡಿಸಿದರು. ಆ ಬಿಂಬದಲ್ಲಿ ಬಾಗಿದ ಬೆಳಕೆಲ್ಲ ಅಂಚಿನಲ್ಲಿ ಉಂಗುರದಂತೆ ಸೇರಿಕೊಳ್ಳುತ್ತದೆ. ಸ್ವಲ್ಪ ಚಿಕ್ಕ ತೂತಿನ ತಡೆಯೊಂದನ್ನು ಅಲ್ಲಿಟ್ಟರೆ ಉಂಗುರ ಆಚೆಗೇ ಉಳಿಯುತ್ತದೆ. ಇದಕ್ಕೆ ಇವತ್ತಿಗೂ ಲಿಯೊ ಸ್ಟಾಪ್ ಅಂತಲೇ ಹೆಸರು. ಮೊದಲ ಲೆನ್ಸಿನ ಎರಡು ಮೈಗಳ ನಡುವೆ ಪ್ರತಿಫಲಿಸಿ ಬರುವ ಬೆಳಕಿಗೆ ನಡುಮಧ್ಯೆ ಒಂದು ಪುಟ್ಟ ಪರದೆ. ಇಷ್ಟೆಲ್ಲ ದಾಟಿ ಉಳಿಯೋದು ಕರೋನಾ.

ಬಿಡಿಬಿಡಿಯಾಗಿ ನೋಡಿದರೆ ಇದರಲ್ಲಿ ಹೊಸ ಭೌತಶಾಸ್ತ್ರ ಏನೂ ಇಲ್ಲ. ಎಲ್ಲವೂ ನಮ್ಮ ಮೊದಲ ವರ್ಷದ ಆಪ್ಟಿಕ್ಸ್. ಒಂದು ದಾರಿಯನ್ನೂ ತೆರೆದು ಬಿಡದ ಹಟ ಮಾತ್ರ ಹೊಸದು.

ಈ ಕರೋನಾಗ್ರಾಫನ್ನು ಅವರು 1930ರಲ್ಲಿ ಪಿರನೀಸ್ ಪರ್ವತಗಳ ಪಿಕ್ ದ್ಯು ಮಿಡಿ ಶಿಖರಕ್ಕೆ ಒಯ್ದರು. ಎತ್ತರ ಸುಮಾರು 2,870 ಮೀಟರ್; ಆಗ ರೋಪ್‌ವೇ ಇರಲಿಲ್ಲ. ಮರುವರ್ಷದ ಹೊತ್ತಿಗೆ ಗ್ರಹಣವಿಲ್ಲದೆ ಕರೋನಾದ ಫೋಟೊ ಸಿಕ್ಕಿತು. ಮುಂದೆ ಸೂರ್ಯನ ಅಂಚಿನಿಂದ ಏಳುವ ಜ್ವಾಲೆಗಳ ಚಲನಚಿತ್ರವನ್ನೂ ತೆಗೆದರು. ಒಂದೇ ಒಂದು ಸಣ್ಣ ಬಣ್ಣಪಟ್ಟಿಯನ್ನು ಮಾತ್ರ ಬಿಡುವ ಲಿಯೊ ಫಿಲ್ಟರ್ ಕೂಡ ಅವರದ್ದೇ. 1939ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಸದಸ್ಯತ್ವ, ಅದೇ ವರ್ಷ ಬ್ರಿಟನ್ನಿನ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯ ಚಿನ್ನದ ಪದಕ.

ಆದರೆ ಒಂದು ಮಿತಿ ಉಳಿದೇಬಿಟ್ಟಿತು. ದೂರದರ್ಶಕ ಎಷ್ಟೇ ಶುಚಿಯಾಗಿದ್ದರೂ ಮೇಲಿನ ಗಾಳಿಯನ್ನು ಒರೆಸೋಕಾಗಲ್ಲ. ಬೆಟ್ಟದ ಮೇಲಿಂದಲೂ ಸೂರ್ಯನಿಗೆ ಅಂಟಿಕೊಂಡಂತಿರುವ ಒಳಗಿನ ಕರೋನಾ ಮಾತ್ರ ಕಾಣುತ್ತಿತ್ತು. ಹೊರಗಿನದ್ದಕ್ಕೆ ಮತ್ತೆ ಗ್ರಹಣವೇ ಗತಿ. 1952ರ ಫೆಬ್ರವರಿ 25ರ ಗ್ರಹಣ ನೋಡಲು ಲಿಯೊ ಸೂಡಾನಿನ ಖಾರ್ಟೂಮ್‌ಗೆ ಹೋದರು. ವಾಪಸು ಬರುವಾಗ ಏಪ್ರಿಲ್ 2ರಂದು, ಕೈರೊ ಹತ್ತಿರ ರೈಲಿನಲ್ಲೇ ಹೃದಯಾಘಾತವಾಗಿ ತೀರಿಕೊಂಡರು. ವಯಸ್ಸು 55. ಗ್ರಹಣಕ್ಕೆ ಕಾಯುವ ಕಷ್ಟ ತಪ್ಪಿಸಿದವರ ಕೊನೆಯ ಪ್ರಯಾಣವೂ ಗ್ರಹಣಕ್ಕಾಗಿಯೇ ಆಯಿತು.

ಅಷ್ಟು ಬಿಸಿಯಾದ ಕರೋನಾ ಸುಮ್ಮನೆ ನಿಲ್ಲಲಾರದು, ಅದು ಸತತವಾಗಿ ಹೊರಕ್ಕೆ ಹರಿಯುತ್ತಲೇ ಇರಬೇಕು ಅಂತ ಯೂಜೀನ್ ಪಾರ್ಕರ್ ಲೆಕ್ಕ ಹಾಕಿ ತೋರಿಸಿದ್ದು 1958ರಲ್ಲಿ. ಆ ಹರಿವೇ ಸೌರಮಾರುತ. ಲಿಯೊ ಆಗ ಇರಲಿಲ್ಲ.

ಗಾಳಿಯ ಮಿತಿ ದಾಟಲು ದೂರದರ್ಶಕವೇ ಆಕಾಶಕ್ಕೆ ಹೋಗಬೇಕಾಯಿತು. 2023ರ ಸೆಪ್ಟೆಂಬರ್ 2ರಂದು ಹೊರಟ ನಮ್ಮ ಆದಿತ್ಯ-ಎಲ್1ರ ಮುಖ್ಯ ಉಪಕರಣ ಒಂದು ಕರೋನಾಗ್ರಾಫ್. ಅದನ್ನು ಸಿದ್ಧಪಡಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ಹೊಸಕೋಟೆಯ ತನ್ನ ಕೇಂದ್ರದಲ್ಲಿ. ಲೆನ್ಸಿನ ಬದಲು ಕನ್ನಡಿ ಬಂದಿದೆ, ಲಿಯೊ ಸ್ಟಾಪ್ ಹಾಗೇ ಇದೆ.

2025ರ ಮಾರ್ಚ್‌ನಲ್ಲಿ ನಾಸಾ ಹಾರಿಸಿದ ಪಂಚ್‌ನ ನಾಲ್ಕು ಪುಟ್ಟ ಉಪಗ್ರಹಗಳು ಇನ್ನೂ ಮುಂದೆ ಹೋಗಿವೆ. ಒಂದರಲ್ಲಿ ಕರೋನಾಗ್ರಾಫ್, ಮೂರರಲ್ಲಿ ಅಗಲ ನೋಟದ ಕ್ಯಾಮೆರಾ. ಸೂರ್ಯನಿಂದ ಸುಮಾರು 45 ಡಿಗ್ರಿ ದೂರದವರೆಗೆ ಹರಿಯುವ ಸೌರಮಾರುತದ ಚಿತ್ರ ತೆಗೆಯೋದು ಇವುಗಳ ಕೆಲಸ. ಅಲ್ಲಿನ ಎಲೆಕ್ಟ್ರಾನ್‌ಗಳು ಚದುರಿಸುವ ಸೂರ್ಯನ ಬೆಳಕು ಹಿಂದಿನ ನಕ್ಷತ್ರಗಳ ಬೆಳಕಿಗಿಂತಲೂ ಎಷ್ಟೋ ಮಂದ. ಅದಕ್ಕೇ ಮೊದಲು ಬೇಡದ ಬೆಳಕನ್ನು ತಡೆಯಬೇಕು, ಉಳಿದ ಹಿನ್ನೆಲೆಯನ್ನು ಲೆಕ್ಕದಲ್ಲಿ ಕಳೆಯಬೇಕು. ಆಮೇಲೆ ಉಳಿದ ಬೆಳಕು ಎಷ್ಟು ಧ್ರುವೀಕೃತವಾಗಿದೆ ಅಂತ ಅಳೆದರೆ, ಆ ಮೋಡ ನಮ್ಮಿಂದ ಎಷ್ಟು ದೂರದಲ್ಲಿದೆ ಅನ್ನೋದು ತಿಳಿಯುತ್ತದೆ.

ಬೇಡದ ಬೆಳಕನ್ನು ತಡೆಯೋದು, ಉಳಿದ ಬೆಳಕಿನ ಧ್ರುವೀಕರಣ ಅಳೆಯೋದು: ಲಿಯೊ ಜೀವನವಿಡೀ ಮಾಡಿದ ಆ ಎರಡೂ ಕೆಲಸ ಈಗ ಒಟ್ಟಿಗೆ ಭೂಮಿಯನ್ನು ಸುತ್ತುತ್ತಿವೆ.