ಕಾರ್ಲ್ ಬ್ಲಾಸ್‌ಫೆಲ್ಟ್

ಕಾರ್ಲ್ ಬ್ಲಾಸ್‌ಫೆಲ್ಟ್ (13 ಜೂನ್ 1865 – 9 ಡಿಸೆಂಬರ್ 1932) ಜರ್ಮನಿಯ ಛಾಯಾಗ್ರಾಹಕ, ಶಿಲ್ಪಿ ಮತ್ತು ಕಲಾಶಿಕ್ಷಕ. ಸಸ್ಯಗಳ ಚಿಗುರು, ಎಲೆ, ಮೊಗ್ಗು ಹಾಗೂ ಬೀಜಕೋಶಗಳನ್ನು ಹಲವು ಪಟ್ಟು ಹಿಗ್ಗಿಸಿ ತೋರಿಸುವ ಕಪ್ಪು-ಬಿಳುಪು ಛಾಯಾಚಿತ್ರಗಳಿಂದ ಅವರು ಪ್ರಸಿದ್ಧರಾಗಿದ್ದಾರೆ. ವಿನ್ಯಾಸ ಕಲಿಯುವ ವಿದ್ಯಾರ್ಥಿಗಳಿಗೆ ಪಾಠೋಪಕರಣವಾಗಲೆಂದು ದಶಕಗಳ ಕಾಲ ತೆಗೆದ ಈ ಚಿತ್ರಗಳು 1926ರಲ್ಲಿ ಬರ್ಲಿನ್ನಿನ ಗ್ಯಾಲರಿಯೊಂದರಲ್ಲಿ ಕಲಾಕೃತಿಗಳಾಗಿ ಪ್ರದರ್ಶನಗೊಂಡವು. ಆಗ ಅವರ ವಯಸ್ಸು ಅರುವತ್ತು ದಾಟಿತ್ತು. 1928ರಲ್ಲಿ ಪ್ರಕಟವಾದ ಅವರ ಮೊದಲ ಪುಸ್ತಕ ಛಾಯಾಗ್ರಹಣದ ಇತಿಹಾಸದ ಪ್ರಮುಖ ಗ್ರಂಥಗಳಲ್ಲಿ ಒಂದೆಂದು ಪರಿಗಣಿತವಾಗಿದೆ.

ಬಾಲ್ಯ ಮತ್ತು ಶಿಕ್ಷಣ

ಬ್ಲಾಸ್‌ಫೆಲ್ಟ್ ಅವರು ಜರ್ಮನಿಯ ಹಾರ್ಜ್ ಬೆಟ್ಟಸೀಮೆಯ ಶೀಲೊ ಎಂಬ ಹಳ್ಳಿಯಲ್ಲಿ ಜನಿಸಿದರು. ಶಾಲಾ ವಿದ್ಯಾಭ್ಯಾಸದ ನಂತರ ಸಮೀಪದ ಮೆಗ್ಡೆಸ್ಪ್ರುಂಗ್‌ನ ಕಬ್ಬಿಣದ ಎರಕದ ಕಾರ್ಖಾನೆಯಲ್ಲಿ ಅಚ್ಚಿನ ಮಾದರಿಗಳನ್ನು ರೂಪಿಸುವ ಕೆಲಸ ಕಲಿತರು. ಆ ಕಾಲದ ಕಬ್ಬಿಣದ ಕಟಕಟೆ, ದ್ವಾರ ಮತ್ತು ದೀಪಸ್ತಂಭಗಳಲ್ಲಿ ಎಲೆ-ಬಳ್ಳಿಗಳ ಅಲಂಕಾರ ಸಾಮಾನ್ಯವಾಗಿತ್ತು. ಸಸ್ಯರೂಪವನ್ನು ಗಟ್ಟಿ ವಸ್ತುವಿಗೆ ಇಳಿಸುವ ಈ ತರಬೇತಿಯ ಪ್ರಭಾವ ಮುಂದೆ ಅವರ ಛಾಯಾಚಿತ್ರಗಳಲ್ಲಿಯೂ ಕಾಣಿಸಿಕೊಂಡಿತು. 1884ರಲ್ಲಿ ಅವರು ಬರ್ಲಿನ್ನಿಗೆ ತೆರಳಿ, ಅಲ್ಲಿನ ರಾಜ ಕರಕುಶಲ ಕಲಾ ಸಂಗ್ರಹಾಲಯಕ್ಕೆ ಸೇರಿದ ಶಾಲೆಯಲ್ಲಿ ವಿದ್ಯಾರ್ಥಿವೇತನದ ನೆರವಿನಿಂದ ವ್ಯಾಸಂಗ ಮುಂದುವರಿಸಿದರು.

ಮೋರಿಟ್ಸ್ ಮೊಯ್ರರ್ ಅವರ ಯೋಜನೆ

ಬರ್ಲಿನ್ನಿನ ಕಲಾಶಿಕ್ಷಕ ಮೋರಿಟ್ಸ್ ಮೊಯ್ರರ್ ಅವರು ಅಲಂಕಾರ ಕಲೆಯ ಬೋಧನೆಯನ್ನು ಸುಧಾರಿಸಲು ಬಯಸಿದ್ದರು. ವಿದ್ಯಾರ್ಥಿಗಳು ಹಳೆಯ ವಿನ್ಯಾಸಗಳನ್ನು ನಕಲು ಮಾಡುವುದಕ್ಕೆ ಬದಲಾಗಿ, ಆ ವಿನ್ಯಾಸಗಳಿಗೆ ಮೂಲವಾದ ಸಸ್ಯಗಳನ್ನೇ ಅಭ್ಯಸಿಸಬೇಕೆಂಬುದು ಅವರ ನಿಲುವಾಗಿತ್ತು. ಇದಕ್ಕೆ ಬೇಕಾದ ಮಾದರಿಗಳನ್ನು ಸಿದ್ಧಪಡಿಸಲು ಅವರು ರೋಮ್ ನಗರವನ್ನು ಕೇಂದ್ರವಾಗಿಟ್ಟುಕೊಂಡು ಕೆಲಸ ಆರಂಭಿಸಿದರು. ಅವರ ಸಹಾಯಕರಲ್ಲಿ ಒಬ್ಬರಾಗಿ ಬ್ಲಾಸ್‌ಫೆಲ್ಟ್ 1890ರ ದಶಕದ ಮೊದಲ ಭಾಗವನ್ನು ಇಟಲಿಯಲ್ಲಿ ಕಳೆದರು. ಗ್ರೀಸ್ ಮತ್ತು ಉತ್ತರ ಆಫ್ರಿಕಾದ ಪ್ರದೇಶಗಳಿಗೂ ಪ್ರಯಾಣ ಬೆಳೆಸಿದರು. ಗಿಡಗಳನ್ನು ಸಂಗ್ರಹಿಸುವುದು, ಒಣಗಿಸುವುದು ಹಾಗೂ ಅವುಗಳ ಅಚ್ಚು ಎರೆಯುವುದು ಅವರ ಕೆಲಸವಾಗಿತ್ತು. ಸಸ್ಯಗಳನ್ನು ಕ್ರಮಬದ್ಧವಾಗಿ ಛಾಯಾಚಿತ್ರದಲ್ಲಿ ದಾಖಲಿಸುವ ಅಭ್ಯಾಸವೂ ಇಲ್ಲಿಯೇ ಆರಂಭವಾಯಿತು. ಅವರು ತೆಗೆದ ಕೆಲವು ಚಿತ್ರಗಳು ಮೊದಲು ಬೆಳಕು ಕಂಡದ್ದು ಮೊಯ್ರರ್ ಅವರ ಪ್ರಕಟಣೆಗಳಲ್ಲಿ.

ಬೋಧನೆ

ಬರ್ಲಿನ್ನಿಗೆ ಮರಳಿದ ಬ್ಲಾಸ್‌ಫೆಲ್ಟ್ ತಾವು ಕಲಿತ ಶಾಲೆಯಲ್ಲಿಯೇ ಶಿಕ್ಷಕರಾದರು. ಜೀವಂತ ಸಸ್ಯಗಳನ್ನು ನೋಡಿ ಮಣ್ಣಿನಲ್ಲಿ ಮಾದರಿ ರೂಪಿಸುವುದು ಅವರ ಬೋಧನಾ ವಿಷಯ. 1921ರಲ್ಲಿ ಪ್ರಾಧ್ಯಾಪಕರಾದ ಅವರು 1930ರಲ್ಲಿ ನಿವೃತ್ತರಾಗುವವರೆಗೆ, ಮೂರು ದಶಕಗಳಿಗೂ ಹೆಚ್ಚು ಕಾಲ ಇದನ್ನೇ ಬೋಧಿಸಿದರು.

ತರಗತಿಯಲ್ಲಿ ಒಂದು ಪ್ರಾಯೋಗಿಕ ತೊಡಕಿತ್ತು. ಕಿತ್ತ ಗಿಡ ಬೇಗನೆ ಬಾಡುತ್ತದೆ. ಅದರ ಸೂಕ್ಷ್ಮ ಭಾಗಗಳು ಬರಿಗಣ್ಣಿಗೆ ಸ್ಪಷ್ಟವಾಗುವುದಿಲ್ಲ. ಚಳಿಗಾಲದಲ್ಲಿ ಗಿಡಗಳೇ ಸಿಗುವುದಿಲ್ಲ. ಹಿಗ್ಗಿಸಿದ ಛಾಯಾಚಿತ್ರ ಈ ಮೂರು ತೊಡಕುಗಳಿಗೂ ಉತ್ತರವಾಯಿತು. ಹೀಗಾಗಿ ಅವರಿಗೆ ಛಾಯಾಗ್ರಹಣವು ಬೋಧನೆಯ ಸಾಧನವಾಗಿತ್ತು.

ಛಾಯಾಗ್ರಹಣದ ವಿಧಾನ

ಬ್ಲಾಸ್‌ಫೆಲ್ಟ್ ಅವರು ಛಾಯಾಗ್ರಹಣದಲ್ಲಿ ವಿಧಿವತ್ತಾದ ಶಿಕ್ಷಣ ಪಡೆದಿರಲಿಲ್ಲ. ಮರದಿಂದ ತಾವೇ ನಿರ್ಮಿಸಿಕೊಂಡ ಕ್ಯಾಮೆರಾ ಮತ್ತು ಗಾಜಿನ ಫಲಕಗಳನ್ನು ಬಳಸಿ ಅವರು ಕೆಲಸ ಮಾಡಿದರು. ಸಸ್ಯದ ಭಾಗವನ್ನು ಬಿಳಿ ಅಥವಾ ಬೂದು ಬಣ್ಣದ ರಟ್ಟಿನ ಮುಂದೆ ನಿಲ್ಲಿಸಿ, ಹರಡಿದ ಮೃದುವಾದ ಹಗಲು ಬೆಳಕಿನಲ್ಲಿ ದೀರ್ಘಕಾಲ ಬೆಳಕಿಗೊಡ್ಡಿ ಚಿತ್ರ ತೆಗೆಯುತ್ತಿದ್ದರು. ಈ ವಿಧಾನ ವೃತ್ತಿಜೀವನದುದ್ದಕ್ಕೂ ಹೆಚ್ಚುಕಡಿಮೆ ಬದಲಾಗಲಿಲ್ಲ. ಆದುದರಿಂದ ಅವರ ಚಿತ್ರಗಳ ಕಾಲವನ್ನು ಶೈಲಿಯ ಆಧಾರದಿಂದ ನಿರ್ಧರಿಸುವುದು ಕಷ್ಟ.

ಅವರು ಅಪರೂಪದ ಹೂಗಳನ್ನು ಅರಸಲಿಲ್ಲ. ರಸ್ತೆಬದಿ ಮತ್ತು ರೈಲುಹಳಿಗಳ ದಿಬ್ಬಗಳಲ್ಲಿ ಬೆಳೆಯುವ ಸಾಧಾರಣ ಕಳೆಗಿಡಗಳೇ ಹಲವು ಚಿತ್ರಗಳ ವಸ್ತು. ಸುರುಳಿ ಬಿಚ್ಚದ ಜರೀಗಿಡದ ಎಳೆಗರಿ, ಕುಂಬಳಬಳ್ಳಿಯ ಕುಡಿ, ಗಸಗಸೆಯ ಕಾಯಿ, ಈಕ್ವಿಸೀಟಮ್ ಗಿಡದ ಕಾಂಡದ ತುದಿ, ವತ್ಸನಾಭಿಯ ಚಿಗುರು ಅವರ ಪ್ರಸಿದ್ಧ ಚಿತ್ರಗಳಲ್ಲಿ ಸೇರಿವೆ. ಹಿನ್ನೆಲೆಯೂ ಬಣ್ಣವೂ ಇಲ್ಲದ ಈ ಚಿತ್ರಗಳಲ್ಲಿ ನೋಡುಗನಿಗೆ ವಸ್ತುವಿನ ನಿಜವಾದ ಗಾತ್ರದ ಸುಳಿವು ಸಿಗುವುದಿಲ್ಲ. ಕೆಲವೇ ಮಿಲಿಮೀಟರ್ ಅಳತೆಯ ಚಿಗುರು ಕಂಬದಂತೆಯೂ, ಬಳ್ಳಿಯ ಕುಡಿ ಕಮ್ಮಾರನು ಬಗ್ಗಿಸಿದ ಕಬ್ಬಿಣದ ಸರಳಿನಂತೆಯೂ ತೋರುತ್ತದೆ.

ಈ ಚಿತ್ರಗಳು ಸಸ್ಯಗಳ ಯಥಾವತ್ತಾದ ದಾಖಲೆಗಳೆಂದು ಹೇಳಲಾಗದು. ರಚನೆ ಎದ್ದು ಕಾಣುವಂತೆ ಬ್ಲಾಸ್‌ಫೆಲ್ಟ್ ಅವರು ಎಲೆ ಹಾಗೂ ಕವಲುಗಳನ್ನು ಕತ್ತರಿಸಿ ತೆಗೆಯುತ್ತಿದ್ದರು, ಸಮಾಂಗತೆಯುಳ್ಳ ಮಾದರಿಗಳನ್ನು ಆರಿಸುತ್ತಿದ್ದರು, ನೆಗೆಟಿವ್‌ಗಳನ್ನು ತಿದ್ದುತ್ತಿದ್ದರು ಮತ್ತು ಚಿತ್ರದ ಅಂಚುಗಳನ್ನು ಬಿಗಿಯಾಗಿ ಕತ್ತರಿಸುತ್ತಿದ್ದರು.

1926ರ ಪ್ರದರ್ಶನ

ಬರ್ಲಿನ್ನಿನ ಗ್ಯಾಲರಿ ಮಾಲೀಕ ಕಾರ್ಲ್ ನೀರೆನ್‌ಡಾರ್ಫ್ ಅವರು ಈ ಪಾಠಚಿತ್ರಗಳ ಮಹತ್ವವನ್ನು ಗುರುತಿಸಿ, 1926ರಲ್ಲಿ ತಮ್ಮ ಗ್ಯಾಲರಿಯಲ್ಲಿ ಅವುಗಳನ್ನು ಪ್ರದರ್ಶಿಸಿದರು. ಆಫ್ರಿಕಾದ ಶಿಲ್ಪಗಳ ಜೊತೆಯಲ್ಲಿ ಸಸ್ಯಚಿತ್ರಗಳನ್ನು ಇರಿಸಲಾಗಿತ್ತು. ಪ್ರಕೃತಿಯ ರೂಪ ಮತ್ತು ಮನುಷ್ಯ ನಿರ್ಮಿಸಿದ ರೂಪಗಳನ್ನು ಒಂದೇ ನೋಟದಲ್ಲಿ ಹೋಲಿಸಿ ನೋಡಲು ಈ ಜೋಡಣೆ ಅವಕಾಶ ನೀಡಿತು.

ಪ್ರದರ್ಶನದಿಂದ ಚಿತ್ರಗಳ ಅರ್ಥವೇ ಬದಲಾಯಿತು. ತರಗತಿಯಲ್ಲಿ ಅವು ಮಣ್ಣಿನ ಮಾದರಿಗೆ ಹಾದಿ ತೋರುವ ಉಪಕರಣಗಳಾಗಿದ್ದವು. ಗ್ಯಾಲರಿಯ ಗೋಡೆಯ ಮೇಲೆ ಅವು ತಮ್ಮಷ್ಟಕ್ಕೆ ನೋಡತಕ್ಕ ಕೃತಿಗಳಾದವು. ಅಲಂಕಾರಕ್ಕೆ ಮಾದರಿ ಒದಗಿಸಲೆಂದು ಹುಟ್ಟಿದ ಚಿತ್ರಗಳನ್ನು, ಅಲಂಕಾರವನ್ನು ತೊರೆದು ಸ್ಪಷ್ಟತೆ ಮತ್ತು ರಚನೆಯನ್ನು ಮೆಚ್ಚುತ್ತಿದ್ದ ಹೊಸ ತಲೆಮಾರು ತನ್ನದೆಂದು ಸ್ವೀಕರಿಸಿತು. ಆ ಕಾಲದ ‘ನವ ವಸ್ತುನಿಷ್ಠತೆ’ ಪಂಥದ ಛಾಯಾಗ್ರಾಹಕರ ಸಾಲಿನಲ್ಲಿ ಬ್ಲಾಸ್‌ಫೆಲ್ಟ್ ಅವರ ಹೆಸರೂ ಸೇರಿತು. 1929ರಲ್ಲಿ ಸ್ಟುಟ್‌ಗಾರ್ಟ್ ನಗರದಲ್ಲಿ ನಡೆದ ‘ಫಿಲ್ಮ್ ಉಂಡ್ ಫೋಟೊ’ ಪ್ರದರ್ಶನದಲ್ಲಿಯೂ ಅವರ ಚಿತ್ರಗಳು ಸ್ಥಾನ ಪಡೆದವು.

ಪುಸ್ತಕಗಳು ಮತ್ತು ವಿಮರ್ಶೆ

1928ರಲ್ಲಿ ಬರ್ಲಿನ್ನಿನ ಎರ್ನ್‌ಸ್ಟ್ ವಾಸ್ಮುತ್ ಪ್ರಕಾಶನವು 120 ಚಿತ್ರಫಲಕಗಳುಳ್ಳ ‘ಉರ್‌ಫಾರ್ಮೆನ್ ಡೆರ್ ಕುನ್ಸ್ಟ್’ (ಕಲೆಯ ಮೂಲರೂಪಗಳು) ಎಂಬ ಪುಸ್ತಕವನ್ನು ಹೊರತಂದಿತು. ಇದಕ್ಕೆ ನೀರೆನ್‌ಡಾರ್ಫ್ ಪ್ರಸ್ತಾವನೆ ಬರೆದರು. ಪುಸ್ತಕವು ಶೀಘ್ರವಾಗಿ ಜನಪ್ರಿಯವಾಗಿ, ಇತರ ಭಾಷೆಗಳಲ್ಲಿಯೂ ಪ್ರಕಟವಾಯಿತು. ಕಲೆಯ ರೂಪಗಳೆಲ್ಲ ಪ್ರಕೃತಿಯಲ್ಲಿ ಮೊದಲೇ ಇವೆ ಎಂಬ ವಾದವನ್ನು ಅದರ ಶೀರ್ಷಿಕೆಯೇ ಸೂಚಿಸುತ್ತದೆ.

ಚಿಂತಕ ವಾಲ್ಟರ್ ಬೆಂಜಮಿನ್ ಅದೇ ವರ್ಷ ಪುಸ್ತಕವನ್ನು ವಿಮರ್ಶಿಸಿದರು. ಹಿಗ್ಗಿಸಿದ ಚಿತ್ರಗಳು ನಮ್ಮ ದೃಷ್ಟಿಗ್ರಹಿಕೆಯನ್ನೇ ವಿಸ್ತರಿಸುತ್ತವೆ ಎಂಬುದು ಅವರ ಅಭಿಪ್ರಾಯವಾಗಿತ್ತು. 1931ರಲ್ಲಿ ಛಾಯಾಗ್ರಹಣದ ಇತಿಹಾಸವನ್ನು ಕುರಿತು ಬರೆದ ಪ್ರಬಂಧದಲ್ಲಿ, ಬರಿಗಣ್ಣಿಗೆ ದಕ್ಕದ ಲೋಕವನ್ನು ಕ್ಯಾಮೆರಾ ತೆರೆದು ತೋರಿಸುತ್ತದೆ ಎಂಬ ತಮ್ಮ ವಾದಕ್ಕೆ ಅವರು ಬ್ಲಾಸ್‌ಫೆಲ್ಟ್ ಅವರ ಚಿತ್ರಗಳನ್ನು ನಿದರ್ಶನವಾಗಿ ಬಳಸಿದರು. ಫ್ರಾನ್ಸಿನ ಲೇಖಕ ಜಾರ್ಜ್ ಬತಾಯ್ ಇದಕ್ಕಿಂತ ಭಿನ್ನವಾದ ಉದ್ದೇಶಕ್ಕೆ ಅವುಗಳನ್ನು ಆರಿಸಿಕೊಂಡರು. 1929ರಲ್ಲಿ ‘ಡಾಕ್ಯುಮೆಂಟ್ಸ್’ ಪತ್ರಿಕೆಯಲ್ಲಿ ಹೂವಿನ ಆದರ್ಶ ಸೌಂದರ್ಯದ ಕಲ್ಪನೆಯನ್ನು ಪ್ರಶ್ನಿಸಿ ಬರೆದ ಲೇಖನದೊಂದಿಗೆ ಈ ಚಿತ್ರಗಳು ಅಚ್ಚಾದವು. ಒಬ್ಬರಿಗೆ ಹೊಸ ನೋಟದ ಸಾಕ್ಷಿಯಾದ ಚಿತ್ರಗಳು ಇನ್ನೊಬ್ಬರಿಗೆ ಪ್ರಕೃತಿಯ ವಿಕಾರ ಮುಖದ ಸಾಕ್ಷಿಯಾದವು.

ನಿಧನ ಮತ್ತು ನಂತರದ ಪ್ರಭಾವ

ಎರಡನೆಯ ಪುಸ್ತಕ ‘ವುಂಡರ್‌ಗಾರ್ಟೆನ್ ಡೆರ್ ನಾಟೂರ್’ (ಪ್ರಕೃತಿಯ ಅದ್ಭುತ ತೋಟ) 1932ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್ 9ರಂದು ಬ್ಲಾಸ್‌ಫೆಲ್ಟ್ ತಮ್ಮ 67ನೆಯ ವಯಸ್ಸಿನಲ್ಲಿ ಬರ್ಲಿನ್ನಿನಲ್ಲಿ ನಿಧನರಾದರು. ಅವರು ಕಲಾವಿದರೆಂದು ಖ್ಯಾತಿ ಅನುಭವಿಸಿದ್ದು ಕೊನೆಯ ಆರೇಳು ವರ್ಷ ಮಾತ್ರ.

ಚಿಕ್ಕ ಅಚ್ಚುಚಿತ್ರಗಳನ್ನು ರಟ್ಟಿನ ಮೇಲೆ ಸಾಲಾಗಿ ಅಂಟಿಸಿ ಅವರು ಸಿದ್ಧಪಡಿಸಿದ್ದ 61 ಹಾಳೆಗಳು ಬಹುಕಾಲದ ನಂತರ ಬೆಳಕಿಗೆ ಬಂದವು. ಚಿತ್ರಗಳನ್ನು ಅವರು ಹೇಗೆ ಆರಿಸಿ, ಹೋಲಿಸಿ, ಎಲ್ಲೆ ಕತ್ತರಿಸುತ್ತಿದ್ದರೆಂಬುದನ್ನು ಈ ಹಾಳೆಗಳು ತೋರಿಸುತ್ತವೆ. ಅವರ ಚಿತ್ರಗಳು ಮತ್ತು ಸಂಬಂಧಪಟ್ಟ ಸಾಮಗ್ರಿ ಇಂದು ಬರ್ಲಿನ್ನಿನ ಕಲಾ ವಿಶ್ವವಿದ್ಯಾಲಯದಲ್ಲಿಯೂ ಮ್ಯೂನಿಕ್‌ನ ಆನ್ ಮತ್ತು ಯುರ್ಗೆನ್ ವಿಲ್ಡೆ ಪ್ರತಿಷ್ಠಾನದಲ್ಲಿಯೂ ಇವೆ. ಒಂದೇ ಬಗೆಯ ವಸ್ತುಗಳನ್ನು ಏಕರೂಪದ ವಿಧಾನದಲ್ಲಿ ಸರಣಿಯಾಗಿ ದಾಖಲಿಸಿದ ಬೆರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿಗಳಂತಹ ನಂತರದ ಛಾಯಾಗ್ರಾಹಕರಿಗೆ ಬ್ಲಾಸ್‌ಫೆಲ್ಟ್ ಪೂರ್ವಸೂರಿಯೆಂದು ಪರಿಗಣಿತರಾಗಿದ್ದಾರೆ.

ಪ್ರಕಟಿತ ಪುಸ್ತಕಗಳು

- ಉರ್‌ಫಾರ್ಮೆನ್ ಡೆರ್ ಕುನ್ಸ್ಟ್ (1928)
- ವುಂಡರ್‌ಗಾರ್ಟೆನ್ ಡೆರ್ ನಾಟೂರ್ (1932)
- ವುಂಡರ್ ಇನ್ ಡೆರ್ ನಾಟೂರ್ (1942, ಮರಣಾನಂತರ)